ಅಪವಾದ

ಜನವರಿ 11

ಅಕ್ಕಾ,

ಇದು ಫೋನಿನಲ್ಲಿ ಆಡುವ ಮಾತಲ್ಲ, ಅದಕ್ಕೇ ಕಾಗದ. ನಿಮ್ಮ ಕಚೇರಿಯ ಫೋನು ವ್ಯವಸ್ಥಾಪಕರ ಮೇಜಿನ ಮೇಲಿರುತ್ತದೆ. ನೀನು "ಹೂಂ", "ಸರಿ", "ಆಮೇಲೆ" ಎಂಬ ಮೂರೇ ಪದಗಳಲ್ಲಿ ಮಾತು ಮುಗಿಸುತ್ತೀಯ.

ನನ್ನ ಕೆಲಸ ನಿನಗೆ ಗೊತ್ತು. ಆಸ್ಪತ್ರೆಯ ಕಿವಿ ವಿಭಾಗದಲ್ಲಿ, ಹೊರಗಿನ ಸದ್ದು ನುಗ್ಗದ ಪುಟ್ಟ ಕೋಣೆಯೊಳಗೆ ರೋಗಿ; ಗಾಜಿನ ಈಚೆ ನಾನು. ತಲೆಗೆ ಹೆಡ್‌ಫೋನ್, ಕೈಯಲ್ಲೊಂದು ಗುಂಡಿ. ಸದ್ದು ಕೇಳಿದಾಗ ಒತ್ತಬೇಕು. ನಾನು ಹಾಳೆಯ ಮೇಲೆ ಗುರುತು ಹಾಕುತ್ತಾ ಹೋಗುತ್ತೇನೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಕತ್ತರಿ ಗುರುತು.

ಹೋದ ಮಾರ್ಚಿನಲ್ಲಿ ಒಬ್ಬ ಶಿಕ್ಷಕಿ ಬಂದಿದ್ದಳು. ಎಡಗಿವಿ ಹೆಚ್ಚುಕಡಿಮೆ ಹೋಗಿದೆ. ಪರದೆಯಲ್ಲಿ ಹಳೆಯ ತೂತು. ಚಿಕ್ಕಂದಿನಲ್ಲಿ ಹರಿದು, ಯಾರೂ ನೋಡದೆ ಕೀವಾಗಿ ಬಿಟ್ಟದ್ದು. ಆಗಸ್ಟಿನಲ್ಲಿ ಒಬ್ಬ ಬಸ್ ಕಂಡಕ್ಟರ್ ಬಂದಳು. ಅದೇ ಕಿವಿ, ಅದೇ ತೂತು. ಮೊನ್ನೆ ಮಂಗಳವಾರ ಹೊಲಿಗೆ ಅಂಗಡಿಯವಳೊಬ್ಬಳು. ಹೆಸರು ಬರೆಯುವುದಿಲ್ಲ, ಅದು ನಮ್ಮ ಕೆಲಸದ ನಿಯಮ. ಪೆಟ್ಟು ಬಿದ್ದಿತ್ತೇ ಎಂದು ಕೇಳುವುದೂ ನಿಯಮವೇ. ಕೇಳಿದೆ.

"ಬಿದ್ದಿತ್ತು. ಹನ್ನೊಂದು ವರ್ಷ ಆಗ ನಂಗೆ."

"ಯಾರು ಹೊಡೆದಿದ್ದು?"

"ಬರ್ಕೋತೀರಾ?"

"ಬೇಡ ಅಂದ್ರೆ ಬರ್ಕೊಳ್ಳಲ್ಲ."

"ಆಶೀರ್ವಾದ ಮಾಡೋರು ಹೊಡೆದ್ರು," ಎಂದು ನಕ್ಕಳು. ಆಮೇಲೆ ನಿಮ್ಮ ಪ್ರಾರ್ಥನಾ ಸಂಘದ ಬಾಲಕಿಯರ ವಸತಿಗೃಹದ ಹೆಸರು ಹೇಳಿದಳು. ಉಳಿದ ಇಬ್ಬರನ್ನೂ ಮತ್ತೆ ಕರೆಸಿ ಕೇಳಿದೆ. ಮೂವರೂ ಅಲ್ಲಿಯವರೇ. ಮೂರು ಬೇರೆ ಬೇರೆ ವರ್ಷ.

ಎದುರು ನಿಂತ ಬಲಗೈಯವನು ಬೀಸಿ ಹೊಡೆದರೆ ಪೆಟ್ಟು ಬೀಳುವುದು ಎಡಗಿವಿಗೆ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಕಟ್ಟಿಕೊಂಡು ನೀನು ಅಲ್ಲಿ ಟೈಪಿಸ್ಟ್ ಆಗಿ ಸೇರಿದಾಗ ನನಗೂ ಹನ್ನೊಂದೇ ವರ್ಷ. ಪ್ರತಿ ವಾರ ಸಂಘದ ಮುಖ್ಯಸ್ಥರಾದ ಹಿರಿಯರು ಕೋಪ ಗೆಲ್ಲುವುದರ ಬಗ್ಗೆ ಪ್ರವಚನ ಮಾಡುತ್ತಿದ್ದರು. ಮುಗಿದ ಮೇಲೆ ನಾವೆಲ್ಲ ಸಾಲಾಗಿ ಹೋಗಿ ಅವರ ಬಲಗೈ ಕೆಳಗೆ ತಲೆ ಒಡ್ಡುತ್ತಿದ್ದೆವು. ಮಂಗಳವಾರದಿಂದ ಆ ಕೈಯ ಬಿಸಿ ನನ್ನ ನೆತ್ತಿಯ ಮೇಲೆ ಕೂತುಬಿಟ್ಟಿದೆ. ಎರಡು ಸಲ ತಲೆ ತೊಳೆದುಕೊಂಡೆ.

ಸಂಘಕ್ಕೆ ಬರುವ ಎಲ್ಲ ಪತ್ರಗಳೂ ನಿನ್ನ ಮೇಜಿಗೇ ಬರುತ್ತವೆ. ಆಗ ಯಾರಾದರೂ ದೂರು ಬರೆದಿದ್ದರಾ? ಹೌದು ಅಥವಾ ಇಲ್ಲ, ಅಷ್ಟು ಸಾಕು.

ಮೊಂಡ


ಜನವರಿ 24

ಪ್ರೀತಿಯ ಮೊಂಡನಿಗೆ,

ಎರಡು ಸಲ ತಲೆ ತೊಳೆದುಕೊಂಡೆಯಂತೆ, ಸಂತೋಷ. ಇಲ್ಲಿದ್ದಾಗ ತಿಂಗಳಿಗೊಮ್ಮೆ ತಲೆಗೆ ನೀರು ಹಾಕಿಸಲು ನಿನ್ನನ್ನು ಅಂಗಳವೆಲ್ಲ ಓಡಿಸಬೇಕಾಗುತ್ತಿತ್ತು.

ನಿನ್ನ ಕಾಗದ ಓದಿ ಮನಸ್ಸು ಕಲಕಿತು. ಆ ಹೆಣ್ಣುಮಕ್ಕಳ ವಿಷಯ ನಿಜವೇ ಆಗಿದ್ದರೆ ಅದಕ್ಕಿಂತ ನೋವಿನದು ಇನ್ನೊಂದಿಲ್ಲ. ಆದರೆ ಇಪ್ಪತ್ತು ವರ್ಷದ ಹಿಂದಿನ ಮಾತು. ಮಕ್ಕಳ ಕಿವಿ ಸೋರುವುದಕ್ಕೆ ನೂರು ಕಾರಣ ಇರುತ್ತವೆ ಎಂದು ನೀನೇ ಒಮ್ಮೆ ಹೇಳಿದ್ದೆ.

ಇಂಥ ಆಕ್ಷೇಪ ನನಗೆ ಹೊಸದಲ್ಲ. ಮಾಸಪತ್ರಿಕೆಯಲ್ಲಿ "ಆಕ್ಷೇಪಕ್ಕೆ ಉತ್ತರ" ಅಂಕಣ ನಾನು ಬರೆಯಲು ತೊಡಗಿ ಹತ್ತೊಂಬತ್ತು ವರ್ಷವಾಯಿತು. ಬರುವ ಹತ್ತು ಪತ್ರಗಳಲ್ಲಿ ಏಳರಲ್ಲಿ ಇರುವುದು ಒಂದೇ ಮಾತು: ನೀವೆಲ್ಲ ಕಪಟಿಗಳು, ಹೇಳುವುದೊಂದು ಮಾಡುವುದೊಂದು. ನಾನು ಬರೆಯುವುದು ಇಷ್ಟೇ. ಗುರಿ ಎತ್ತರ ಇಟ್ಟುಕೊಂಡವನು ತಪ್ಪಿದಾಗ ಎಲ್ಲರಿಗೂ ಕಾಣುತ್ತದೆ. ಗುರಿಯೇ ಇಲ್ಲದವನು ತಪ್ಪಿದ್ದು ಯಾರಿಗೂ ಕಾಣುವುದಿಲ್ಲ. ಹಾಡುವವನ ಶ್ರುತಿ ತಪ್ಪಿತೆಂದು ಯಾರೂ ಸಂಗೀತವನ್ನು ಬೈಯುವುದಿಲ್ಲ. ತಪ್ಪು ಮಾಡಿದವರು ಮನುಷ್ಯರು, ಮಾತು ದೇವರದು. ನಾನು ಇದನ್ನು ನಂಬಿಯೇ ಬರೆಯುತ್ತೇನೆ. ನಗಬೇಡ.

ಹಿರಿಯರಿಗೆ ಈಗ ಎಂಬತ್ತೊಂದು. ಮೆಟ್ಟಿಲು ಹತ್ತಲು ಇಬ್ಬರ ಆಸರೆ ಬೇಕು. ಪ್ರವಚನದ ನಡುವೆ ಮಾತು ಮರೆಯುತ್ತಾರೆ, ಜನ ಅದಕ್ಕೂ ಕಣ್ಣೀರು ಹಾಕುತ್ತಾರೆ. ಆ ಮುದುಕರನ್ನು ಈಗ ಎಳೆದು ತಂದು ಏನು ಮಾಡುತ್ತೀಯ?

ನನ್ನ ಕೋಣೆಯ ಕಿಟಕಿಗೆ ಹೊಸ ಬಾಗಿಲು ಹಾಕಿಸಿಕೊಟ್ಟಿದ್ದಾರೆ. ಇನ್ನು ಗಾಳಿಗೆ ಪಟಪಟ ಅನ್ನುವುದಿಲ್ಲ. ನೀನು ಬಂದರೆ ನಿದ್ದೆ ಬರುತ್ತದೆ. ಬಾ.

ನಿನ್ನ ಅಕ್ಕ


ಫೆಬ್ರವರಿ 9

ಅಕ್ಕಾ,

ಎರಡು ಪುಟ ಬರೆದಿದ್ದೀಯ. ಹೌದು ಎಂದೂ ಇಲ್ಲ, ಇಲ್ಲ ಎಂದೂ ಇಲ್ಲ. ಹುಡುಕಿ ನೋಡಿದೆ.

ನಿನ್ನ ಅಂಕಣಕ್ಕೆ ನನ್ನದೊಂದು ಆಕ್ಷೇಪ ಇದೆ. ಶ್ರುತಿ ತಪ್ಪುವುದನ್ನು ಯಾರೂ ಕಪಟ ಎನ್ನುವುದಿಲ್ಲ. ನಾನೂ ಸಿಗರೇಟು ಬಿಟ್ಟೆ ಎಂದು ಹೇಳಿ ನಾಲ್ಕು ಸಲ ಸೇದಿದ್ದೇನೆ. ಶ್ರುತಿ ತಪ್ಪಿತು ಎಂದವಳನ್ನು ಸಭೆಯಿಂದ ಹೊರಗೆ ಹಾಕಿ, ಬಾಗಿಲು ಮುಚ್ಚಿ, ಅದೇ ಹಾಡನ್ನು ಮುಂದುವರಿಸುವುದು ಕಪಟ. ನೀನು ಏಳು ಮಂದಿಗೆ ಬರೆಯುವ ಉತ್ತರ ಅವರು ಕೇಳದ ಪ್ರಶ್ನೆಗೆ.

ಹೊರಗೆ ಹಾಕಿಸಿಕೊಂಡವಳನ್ನು ನೋಡಿ ಬಂದೆ. ದೊಡ್ಡಮ್ಮ.

ನಮ್ಮ ದೊಡ್ಡಮ್ಮ ಅಕ್ಕಾ, ವಸತಿಗೃಹದ ಅಡುಗೆಯವಳು. ಇನ್ನೂರು ಮಕ್ಕಳಿಗೂ ದೊಡ್ಡಮ್ಮನೇ. ಹಾಲಿನ ಪಾತ್ರೆಯ ತಳ ಕೆರೆದು ಕಂದು ಕೆನೆಯನ್ನು ನನಗೆಂದು ತಟ್ಟೆಯ ಕೆಳಗೆ ಮುಚ್ಚಿಡುತ್ತಿದ್ದಳಲ್ಲ, ಅವಳು. ಹೊಲಿಗೆಯವಳು ಹೇಳಿದ ಮೇಲೆ ಗೊತ್ತಾಯಿತು, ಇದೇ ಊರಿನ ವೃದ್ಧಾಶ್ರಮದಲ್ಲಿದ್ದಾಳೆ ಎಂದು. ಎಪ್ಪತ್ತಾರು ವರ್ಷ. ಬೇಡ ಎಂದರೂ ಅಲ್ಲಿನ ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾಳೆ. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು.

"ಕೆನೆ ಕಳ್ಳ. ಎಷ್ಟು ದಪ್ಪ ಆಗಿದೀಯೋ! ಕೂತ್ಕೋ, ಆ ಚಾಕು ತಗೋ."

ಸಿಪ್ಪೆ ತೆಗೆಯುತ್ತಾ ಕೇಳಿದೆ. ಹೊಲಿಗೆಯವಳನ್ನು ಹಿರಿಯರು ಹೊಡೆದದ್ದು ಅಡುಗೆಮನೆಯ ಬಾಗಿಲಲ್ಲೇ, ಪ್ರಾರ್ಥನೆಯಲ್ಲಿ ನಕ್ಕಿದ್ದಕ್ಕೆ. ಕಿವಿಯಿಂದ ರಕ್ತ ಬಂದದ್ದನ್ನು ದೊಡ್ಡಮ್ಮ ತನ್ನ ಸೆರಗಿನಿಂದ ಒತ್ತಿ ಹಿಡಿದಳಂತೆ. ಒಂದು ವಾರ ಕಾದಳು. ವೈದ್ಯರು ಬರಲಿಲ್ಲ. ಆಮೇಲೆ ಸಂಘಕ್ಕೆ ಪತ್ರ ಬರೆದಳು.

ಉತ್ತರ ಬಂದಿತ್ತು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಇಟ್ಟುಕೊಂಡಿದ್ದಾಳೆ. ಮಡಿಕೆಗಳು ಹರಿದು ನಾಲ್ಕು ತುಂಡಾಗಿದೆ. ಟೈಪ್ ಮಾಡಿದ್ದು. ನಿನ್ನ ಯಂತ್ರದಲ್ಲಿ ಒತ್ತಕ್ಷರಗಳು ಕೂದಲೆಳೆಯಷ್ಟು ಬಲಕ್ಕೆ ಸರಿದಿರುತ್ತಿದ್ದವು. ಇದರಲ್ಲೂ ಹಾಗೆಯೇ ಇದೆ. ಎರಡೇ ಸಾಲು:

"ನೀವು ತಿಳಿಸಿರುವ ವಿಷಯ ಅಪವಾದವೆಂದು ಸಂಘ ತೀರ್ಮಾನಿಸಿದೆ. ಆದ್ದರಿಂದ ಮುಂದಿನ ಕ್ರಮದ ಅಗತ್ಯವಿರುವುದಿಲ್ಲ."

ಮೂರು ದಿನಕ್ಕೆ ಅವಳನ್ನು ಬಿಡಿಸಿದರು. ಆ ಪತ್ರದ ಮಾತು ಅವಳಿಗಿಂತ ಮೊದಲು ಎಲ್ಲ ಕಡೆ ತಲುಪಿತ್ತಂತೆ. ಆಮೇಲೆ ಕೆಲಸ ಕೇಳಲು ಹೋದ ಶಾಲೆಯಲ್ಲಿ, "ನೀವಲ್ವಾ ಹಿರಿಯರ ಮೇಲೆ ಅಪವಾದ ಹೊರಿಸಿದ್ದು?" ಎಂದರಂತೆ. ಸ್ವಂತ ತಂಗಿ ಮನೆಗೆ ಕರೆಯುವುದನ್ನು ಬಿಟ್ಟಳು. "ನಾನು ಸುಳ್ಳುಗಾರ್ತಿ ಅಂತ ಅಚ್ಚು ಹಾಕಿ ಕೊಟ್ಟಿದಾರಪ್ಪ, ಯಾರ ಹತ್ರ ಜಗಳ ಆಡ್ಲಿ?" ಎಂದು ನನ್ನ ಕಡೆ ನೋಡದೆ ಹೇಳಿದಳು.

ಅವಳು ಟ್ರಂಕು ಹೊತ್ತು ಗೇಟು ದಾಟಿದ ದಿನ ನಾನು ಮಹಡಿಯಲ್ಲಿ ನಿಂತು ನೋಡುತ್ತಿದ್ದೆ. ನನಗಾಗ ಹದಿನೈದು ವರ್ಷ. ಅವಳು ತಲೆಯೆತ್ತಿದಾಗ ನಾನು ಕಂಬದ ಹಿಂದೆ ಸರಿದೆ. ಅವಳು ಅದನ್ನೂ ನೆನಪಿಟ್ಟಿದ್ದಾಳೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಎರಡು ಸಾಲು ಯಾರು ಬರೆದರು? ಈ ಸಲ ಅಂಕಣ ಬೇಡ.

ಮೊಂಡ


ಫೆಬ್ರವರಿ 20

ಪತ್ರ ವಿಭಾಗ

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ತಾವು ಪ್ರಸ್ತಾಪಿಸಿರುವ ವಿಷಯಗಳನ್ನು ಪರಿಶೀಲಿಸಲಾಗುವುದು. ಸಂಘದ ಮೇಲೆ ತಾವು ಇಟ್ಟಿರುವ ಕಾಳಜಿಗೆ ಕೃತಜ್ಞತೆಗಳು.

ಪತ್ರ ವಿಭಾಗದ ಪರವಾಗಿ

(ಕೆಳಗೆ, ಪೆನ್ನಿನಲ್ಲಿ) ಹೊರಗೆ ಹೋಗುವ ಪತ್ರಗಳನ್ನು ಈಗ ವ್ಯವಸ್ಥಾಪಕರು ಓದುತ್ತಾರೆ. ಊಟ ಸರಿಯಾಗಿ ಮಾಡು.


ಫೆಬ್ರವರಿ 27

ಅಕ್ಕಾ,

ಸ್ವಂತ ತಮ್ಮನಿಗೆ ಮೊಹರು ಒತ್ತಿದ ಕಾಗದ ಕಳಿಸಿದ್ದೀಯ. ಬಾಯಲ್ಲಿ ಏನೋ ಹಳಸಿದ ಹಾಗಾಯಿತು. ವ್ಯವಸ್ಥಾಪಕರು ಓದಿದರೆ ಓದಲಿ, ಸ್ಪಷ್ಟವಾಗಿ ಬರೆಯುತ್ತೇನೆ: ನಿಮ್ಮ ಸಂಘದ ಮೊದಲ ವ್ರತ "ಸುಳ್ಳು ನುಡಿಯೆನು, ಸುಳ್ಳು ಬರೆಯೆನು". ಗೋಡೆಯ ಮೇಲೆ ಮೊಣಕೈಯುದ್ದದ ಅಕ್ಷರದಲ್ಲಿದೆ. ಆ ಗೋಡೆಗೆ ಬೆನ್ನು ಹಾಕಿ ಕೂತು ನೀನು ಟೈಪ್ ಮಾಡುತ್ತೀಯ. ಕುರ್ಚಿ ಒಮ್ಮೆ ತಿರುಗಿಸಿಕೋ.

ಹೊಲಿಗೆಯವಳು ದೂರು ಕೊಡುತ್ತಾಳೆ. ಶಿಕ್ಷಕಿಯೂ ಸಹಿ ಹಾಕುತ್ತಾಳೆ. ಕಂಡಕ್ಟರ್ ಇನ್ನೂ ಹೆದರುತ್ತಿದ್ದಾಳೆ. ದೊಡ್ಡಮ್ಮ ಆ ನಾಲ್ಕು ತುಂಡನ್ನು ಅಂಟಿಸಿ ಕೊಟ್ಟಿದ್ದಾಳೆ.

ನಾನು ಊಟ ಸರಿಯಾಗಿಯೇ ಮಾಡುತ್ತಿದ್ದೇನೆ.

ನಿನ್ನ ತಮ್ಮ


ಜೂನ್ 15

ಮೊಂಡನಿಗೆ,

ಮೂರೂವರೆ ತಿಂಗಳು ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಈ ಕಾಗದವನ್ನು ನಾನೇ ನಡೆದು ಹೋಗಿ ಅಂಚೆಪೆಟ್ಟಿಗೆಗೆ ಹಾಕುತ್ತೇನೆ.

ಪತ್ರಿಕೆಗಳಲ್ಲಿ ಬಂದದ್ದನ್ನು ನೀನು ಓದಿರುತ್ತೀಯ. ನಿವೃತ್ತ ನ್ಯಾಯಾಧೀಶೆಯೊಬ್ಬರ ವಿಚಾರಣೆ ಜುಲೈ ಎರಡಕ್ಕೆ. ದೊಡ್ಡಮ್ಮನಿಗೆ ಹೋದ ಉತ್ತರವೇ ಮುಖ್ಯ ದಾಖಲೆ. ಅದನ್ನು ಬರೆದವರು ಯಾರೆಂದು ಸಂಘ ತಾನೇ ಹೇಳಿದೆ: ಪತ್ರ ವಿಭಾಗದ ಹಿರಿಯ ನೌಕರೆ. ಅಂದರೆ ನಾನು.

ಮೊನ್ನೆ ಸಂಘದ ವಕೀಲರು ಬಂದರು. ಕಚೇರಿಯಲ್ಲಿ ವ್ಯವಸ್ಥಾಪಕರು, ಹಿರಿಯರು, ನಾನು. ವಕೀಲರು ನಿಘಂಟು ತಂದಿದ್ದರು. ದಪ್ಪ ನಿಘಂಟು, ಹಾಳೆಯ ನಡುವೆ ಹಳದಿ ಚೀಟಿ.

"ಅಪವಾದ ಅನ್ನೋ ಪದಕ್ಕೆ ಎರಡು ಅರ್ಥ ಇದೆ ಅಮ್ಮಾ," ಎಂದರು. "ಒಂದು, ನಿಂದೆ, ಸುಳ್ಳು ಆರೋಪ. ಇನ್ನೊಂದು, ನಿಯಮಕ್ಕೆ ಹೊರತಾದದ್ದು. ಎಂದೋ ಒಮ್ಮೆ ಆಗೋದು ಅಂತಾರಲ್ಲ, ಅದು. ನೀವು ಯಾವ ಅರ್ಥದಲ್ಲಿ ಬರೆದ್ರಿ?"

ಉತ್ತರಕ್ಕೆ ಕಾಯದೆ ಅವರೇ ಮುಂದುವರಿಸಿದರು:

"ಎಂದೋ ಒಮ್ಮೆ ಆಗಿದ್ದು ಅಂತ ಬರೆದಿದ್ರೆ, ಆಗಿದೆ ಅಂತ ಸಂಘ ಒಪ್ಕೊಂಡ ಹಾಗಾಯ್ತು. ಗೊತ್ತಿದ್ದೂ ಸುಮ್ನಿದ್ರು ಅಂತಾಗುತ್ತೆ. ನಿಂದೆ ಅಂತ ಬರೆದಿದ್ರೆ, ವಿಚಾರಿಸಿದ್ವಿ, ಸುಳ್ಳು ಅಂತ ಕಂಡಿತು, ಅಷ್ಟೇ. ಆ ಅಡುಗೆಯವಳಿಗೂ ಆಗ ಹಾಗೇ ಅರ್ಥ ಆಗಿತ್ತು. ಅವಳ ಸಾಕ್ಷಿಯೇ ನಮ್ಮ ಸಾಕ್ಷಿ. ಅನುಕೂಲ."

ಅನುಕೂಲ ಎಂದು ಹೇಳಿ ಬಿಸ್ಕತ್ತು ಚಹಾದಲ್ಲಿ ಅದ್ದಿದರು. ಅದು ಮುರಿದು ಒಳಗೆ ಬಿತ್ತು. ಚಮಚದಲ್ಲಿ ಅದನ್ನು ಎತ್ತಿ ಎತ್ತಿ ತಿಂದರು. ನನಗೆ ನೋಡಲಾಗಲಿಲ್ಲ.

ವ್ಯವಸ್ಥಾಪಕರು, "ನಿಮ್ಮ ಕೋಣೆ ಬಗ್ಗೆ ಯೋಚನೆ ಬೇಡ. ಇರೋತನಕ ನಿಮ್ದೇ," ಎಂದರು. ಅವರು ಹೇಳುವವರೆಗೆ ನಾನು ಕೋಣೆಯ ಬಗ್ಗೆ ಯೋಚಿಸಿರಲಿಲ್ಲ.

ಹಿರಿಯರು ಅಷ್ಟೂ ಹೊತ್ತು ಕಣ್ಣು ಮುಚ್ಚಿದ್ದರು. ಏಳುವಾಗ ನನ್ನನ್ನು ಹತ್ತಿರ ಕರೆದರು. "ಮಗಳೇ, ಸತ್ಯ ಅನ್ನೋದು ಬೆಂಕಿ. ಕೈಯಲ್ಲಿ ಹಿಡಿಯೋರು ಪಾತ್ರೆ ನೋಡಿ ಹಿಡೀಬೇಕು," ಎಂದು ಬಲಗೈಯನ್ನು ನನ್ನ ತಲೆಯ ಕಡೆ ಎತ್ತಿದರು. ಇಪ್ಪತ್ಮೂರು ವರ್ಷದಲ್ಲಿ ಮೊದಲ ಸಲ ನಾನು ತಲೆ ತಪ್ಪಿಸಿದೆ. ಕೈ ಗಾಳಿಯಲ್ಲಿ ಹಾಗೇ ನಿಂತಿತು. ಒಂದು ಕ್ಷಣ, ಒಂದೇ ಕ್ಷಣ, ಅವರ ಮುಖದಲ್ಲಿ ಇನ್ನೊಂದು ಮುಖ ಕಂಡಿತು. ಆ ಹುಡುಗಿಯರಿಗೆ ಕಂಡಿದ್ದು ಅದೇ ಇರಬೇಕು. ಎಂಬತ್ತೊಂದನೆಯ ವಯಸ್ಸಿನಲ್ಲೂ ಅದು ಅಲ್ಲೇ ಇದೆ ಮೊಂಡಾ. ಎಲ್ಲಿಗೂ ಹೋಗಿಲ್ಲ.

ಕೋಣೆಗೆ ಬಂದು ಹಳೆಯ ಅಂಕಣಗಳ ಕಟ್ಟು ತೆಗೆದೆ. ಎಷ್ಟು ನಯವಾಗಿ ಬರೆದಿದ್ದೇನೆ! ಒಂದು ವಾಕ್ಯದಲ್ಲೂ ಗಂಟಿಲ್ಲ. ನಾಲ್ಕು ಪುಟ ಓದಿ, ಕಟ್ಟನ್ನು ಮತ್ತೆ ಬಿಗಿದು ಮಂಚದ ಕೆಳಗೆ ತಳ್ಳಿದೆ.

ನೀನು ಜನವರಿಯಲ್ಲಿ ಕೇಳಿದ್ದಕ್ಕೆ ಉತ್ತರ: ಹೌದು. ಫೆಬ್ರವರಿಯಲ್ಲಿ ಕೇಳಿದ್ದಕ್ಕೆ: ಆ ಎರಡು ಸಾಲು ನಾನೇ ಬರೆದದ್ದು.

ಅಕ್ಕ


ಜೂನ್ 22

ಅಕ್ಕಾ,

ನಿನ್ನ ಕಾಗದವನ್ನು ಬಸ್ಸಿನಲ್ಲೇ ಮೂರು ಸಲ ಓದಿದೆ. ಇಳಿಯುವ ನಿಲ್ದಾಣ ದಾಟಿ ಹೋದೆ.

ಹತ್ತೊಂಬತ್ತು ವರ್ಷ ನಾವೆಲ್ಲ ಆ ಪದವನ್ನು ತಪ್ಪಾಗಿ ಓದಿದ್ದೇವೆ! ನೀನು ಬರೆದದ್ದು "ಎಂದೋ ಒಮ್ಮೆ ಆದದ್ದು" ಎಂಬ ಅರ್ಥದಲ್ಲಿ. ಅಂದರೆ ದೊಡ್ಡಮ್ಮ ಹೇಳಿದ್ದು ನಿಜ ಎಂದು ಆಗಲೇ ಒಪ್ಪಿದ್ದೆ. ಉಳಿದವರು ಅದನ್ನು ತಿರುಚಿಕೊಂಡರು. ನೀನು ಅವಳನ್ನು ಸುಳ್ಳುಗಾರ್ತಿ ಎನ್ನಲೇ ಇಲ್ಲ. ನನಗೆ ಗೊತ್ತಿತ್ತು ಅಕ್ಕಾ, ನೀನು ಅಂಥವಳಲ್ಲ.

ಜುಲೈ ಎರಡರಂದು ಅಷ್ಟನ್ನೇ ಹೇಳು. "ಹೊರತಾದದ್ದು ಎಂಬ ಅರ್ಥದಲ್ಲಿ ಬರೆದೆ." ಒಂದೇ ವಾಕ್ಯ. ದೊಡ್ಡಮ್ಮನ ಮೇಲಿನ ಮಾತು ಹೋಗುತ್ತದೆ. ಸಂಘಕ್ಕೆ ಗೊತ್ತಿತ್ತು ಎಂಬುದೂ ಸಾಬೀತಾಗುತ್ತದೆ. ನಿನ್ನ ಮೇಲೂ ಕಪ್ಪು ಉಳಿಯುವುದಿಲ್ಲ. ಕೋಣೆ ಹೋದರೆ ಹೋಗಲಿ, ನನ್ನ ಮನೆಯಲ್ಲಿ ಹಿಂದಿನ ಕೋಣೆಯ ಡಬ್ಬಗಳನ್ನೆಲ್ಲ ಇವತ್ತೇ ಖಾಲಿ ಮಾಡಿದೆ. ಕಿಟಕಿ ಪಟಪಟ ಅನ್ನುತ್ತದೆ, ಅಷ್ಟು ತಡೆದುಕೋ.

ದೊಡ್ಡಮ್ಮನಿಗೆ ಇನ್ನೂ ಹೇಳಿಲ್ಲ. ಅದನ್ನು ನೀನೇ ಹೇಳಬೇಕು.

ನಿನ್ನ ಮೊಂಡ


ಜುಲೈ 8

ದೊಡ್ಡಮ್ಮನಿಗೆ,

ನನ್ನ ತಮ್ಮ ಇದನ್ನು ನಿಮಗೆ ಓದಿ ಹೇಳುತ್ತಾನೆ. ಓದುವಾಗ ಅವನು ನಡುವೆ ನಿಲ್ಲಿಸಬಹುದು. ಮುಂದೆ ಓದು ಎಂದು ಹೇಳಿ.

ವಿಚಾರಣೆಯ ದಿನ ನೀವು ಹಿಂದಿನ ಸಾಲಿನಲ್ಲಿದ್ದಿರಿ. ನನ್ನ ಸರದಿ ಬರುವ ಮೊದಲೇ ನಿಮಗೆ ತಲೆಸುತ್ತು ಬಂದು ಹೊರಗೆ ಕರೆದುಕೊಂಡು ಹೋದರು, ನನ್ನ ತಮ್ಮನೂ ನಿಮ್ಮ ಜೊತೆ ಬಂದ. ಆದ್ದರಿಂದ ಅಲ್ಲಿ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ.

ನ್ಯಾಯಾಧೀಶೆ ಪತ್ರ ತೋರಿಸಿ, "ಈ ಪದವನ್ನು ಯಾವ ಅರ್ಥದಲ್ಲಿ ಬಳಸಿದ್ರಿ? ನಿಂದೆ ಅಂತಲೋ, ನಿಯಮಕ್ಕೆ ಹೊರತಾದದ್ದು ಅಂತಲೋ?" ಎಂದು ಕೇಳಿದರು. ವಕೀಲರು ನಾನು ಮೊದಲನೆಯದನ್ನು ಹೇಳಲಿ ಎಂದು ಕಾದಿದ್ದರು. ನನ್ನ ತಮ್ಮ ಎರಡನೆಯದನ್ನು ಹೇಳಲಿ ಎಂದು ಕಾಗದ ಬರೆದಿದ್ದ. ಅವನ ಪ್ರೀತಿ ಅದು. ಎರಡನೆಯದನ್ನು ಹೇಳಿದ್ದರೆ ನಾನು ಒಳ್ಳೆಯವಳಾಗುತ್ತಿದ್ದೆ. ಅದೂ ಸುಳ್ಳೇ ಆಗುತ್ತಿತ್ತು.

ನಿಮ್ಮ ಪತ್ರ ಬಂದಾಗ ನನಗೆ ಇಪ್ಪತ್ತಾರು ವರ್ಷ. ನೀವು ಬರೆದದ್ದು ನಿಜವೆಂದು ನನಗೆ ಗೊತ್ತಿತ್ತು. ನಿಮ್ಮ ಸೆರಗಿನ ಕಲೆಯನ್ನು ನಾನು ನೋಡಿದ್ದೆ. ಒಗೆಯುವ ಕಲ್ಲಿನ ಹತ್ತಿರ ನೀವು ಉಜ್ಜುತ್ತಿದ್ದಿರಿ. "ವಿಷಯ ನಿಜ, ಕ್ರಮ ಕೈಗೊಳ್ಳುತ್ತೇವೆ" ಎಂದು ಮೊದಲ ಕರಡು ಬರೆದೆ. ಹಿರಿಯರು ಹರಿದರು. "ಆರೋಪ ಸುಳ್ಳು" ಎಂದು ಬರೆಯಲು ಹೇಳಿದರು. ಸುಳ್ಳು ಬರೆಯೆನು ಎಂಬ ವ್ರತ ಇದೆಯಲ್ಲ ಎಂದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. "ಸುಳ್ಳೂ ಬೇಡ, ಒಪ್ಪೋದೂ ಬೇಡ. ಓದಿದವಳಲ್ವಾ ನೀನು, ಒಂದು ಪದ ಹುಡುಕು," ಎಂದರು.

ನಾನು ಹುಡುಕಿದೆ. ಅರ್ಧ ಗಂಟೆ ಹಿಡಿಯಿತು. ಆ ಪದಕ್ಕೆ ಎರಡು ಅರ್ಥ ಇದೆ ಎಂದು ಗೊತ್ತಿದ್ದೇ ಆರಿಸಿದೆ. ಎರಡು ಅರ್ಥ ಇದೆ ಎಂಬ ಕಾರಣಕ್ಕೇ ಆರಿಸಿದೆ. ಓದುವ ನಿಮಗೆ ಅದು ನಿಂದೆ. ಬರೆಯುವ ನನಗೆ ಅದು ಹೊರತಾದದ್ದು. ನನ್ನ ವ್ರತ ಮುರಿಯಲಿಲ್ಲ, ನಿಮ್ಮ ಬದುಕು ಮುರಿಯಿತು. ಟೈಪ್ ಮಾಡಿ ಮುಗಿಸಿದಾಗ ನನಗೆ ನಾಚಿಕೆಯಾಗಲಿಲ್ಲ ದೊಡ್ಡಮ್ಮ. ಹೆಮ್ಮೆಯಾಯಿತು. ಹಿರಿಯರು ಓದಿ, ಜೋರಾಗಿ ನಕ್ಕು, "ದೇವರು ನಿನ್ನ ಕೈಗೆ ಪದ ಕೊಟ್ಟಿದಾನೆ," ಎಂದರು. ಮುಂದಿನ ತಿಂಗಳು ನನಗೆ ಅಂಕಣ ಕೊಟ್ಟರು.

ಇದಿಷ್ಟನ್ನೂ ಹೇಳಿದೆ. ನ್ಯಾಯಾಧೀಶೆ ಬರೆದುಕೊಳ್ಳುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಇದನ್ನ ಹೇಳೋಕೆ ನಿಮ್ಮನ್ನ ಯಾರಾದ್ರೂ ಒತ್ತಾಯ ಮಾಡಿದ್ರಾ?" ಎಂದರು. "ಇಲ್ಲ, ಹೇಳದೇ ಇರೋಕೆ ಮಾಡಿದ್ರು," ಎಂದೆ. ಯಾರೋ ಹಿಂದೆ ನಕ್ಕರು. ನಗುವ ಮಾತೇನೂ ಅಲ್ಲ ಅದು.

ಹತ್ತೊಂಬತ್ತು ವರ್ಷ ಕಪಟಿಗಳೆಂದು ಬೈದವರಿಗೆ ಉತ್ತರ ಬರೆದೆ. ಅವರಲ್ಲಿ ಒಬ್ಬರೂ ನನ್ನ ಮೇಜಿನ ತನಕ ಬಂದು ನೋಡಲಿಲ್ಲ. ಬಂದಿದ್ದರೆ ಕಾಣುತ್ತಿತ್ತು: ಅವರು ಹುಡುಕುತ್ತಿದ್ದ ಕಪಟ ಪ್ರವಚನ ಪೀಠದ ಮೇಲೆ ಇರಲಿಲ್ಲ, ಟೈಪ್‌ರೈಟರ್ ಮುಂದೆ ಕೂತಿತ್ತು. ಹೊಡೆದವರು ಹಿರಿಯರು. ಹೊಡೆತಕ್ಕೆ ವ್ಯಾಕರಣ ಒದಗಿಸಿದವಳು ನಾನು.

ಈಗ ಒಂದೇ ಅರ್ಥದ ಮಾತು ಬರೆಯುತ್ತೇನೆ. ನೀವು ಹೇಳಿದ್ದು ನಿಜ. ನನಗೆ ಗೊತ್ತಿತ್ತು. ತಪ್ಪು ನನ್ನದು. ಕ್ಷಮಿಸಿ.

ಪತ್ರ ವಿಭಾಗದಲ್ಲಿದ್ದ ಹುಡುಗಿ


ಆಗಸ್ಟ್ 2

ಮೊಂಡನಿಗೆ,

ನೀನು ಕೆಲಸಕ್ಕೆ ಹೋದ ಮೇಲೆ ಇದನ್ನು ಬರೆದು ನಿನ್ನ ಮೇಜಿನ ಮೇಲೆ ಇಡುತ್ತೇನೆ. ಒಂದೇ ಮನೆಯಲ್ಲಿದ್ದೂ ಕಾಗದವೇ? ಹೌದು. ನೀನು ನಾಲ್ಕು ವಾರದಿಂದ ನನ್ನ ಹತ್ತಿರ ಉಪ್ಪು, ಬೀಗದ ಕೈ, ನೀರಿನ ಮೋಟಾರು, ಇಷ್ಟರ ಬಗ್ಗೆ ಮಾತ್ರ ಮಾತಾಡುತ್ತಿದ್ದೀಯ. ತಪ್ಪು ಹೇಳುತ್ತಿಲ್ಲ. ನನ್ನ ಮುಖ ನೋಡಲು ನನಗೇ ಆಗುತ್ತಿಲ್ಲ. ಕನ್ನಡಿಯನ್ನು ಬಚ್ಚಲಿನಿಂದ ತೆಗೆದದ್ದು ನಾನೇ.

ಸಂಘದ ಮಾಸಪತ್ರಿಕೆ ಅಂಚೆಯಲ್ಲಿ ಬಂತು. ಯಾರು ಕಳಿಸಿದರೋ. ಅಂಕಣ ನಿಂತಿಲ್ಲ. ಹೊಸಬರು ಬರೆಯುತ್ತಿದ್ದಾರೆ. ಈ ತಿಂಗಳ ಆಕ್ಷೇಪ: ನಿಮ್ಮದೇ ನೌಕರೆ ನಿಮ್ಮ ವಿರುದ್ಧ ಹೇಳಿದ್ದಾಳಲ್ಲ? ಉತ್ತರ: "ಇಪ್ಪತ್ಮೂರು ವರ್ಷಗಳ ನಿಷ್ಠೆಯ ಪರಂಪರೆಯಲ್ಲಿ ಇದೊಂದು ಅಪವಾದ."

ಯಾವ ಅರ್ಥದಲ್ಲಿ ಎಂದು ಕೇಳಬೇಕಿಲ್ಲ. ಕೆಲಸ ಚೆನ್ನಾಗಿ ಕಲಿತಿದ್ದಾರೆ. ಕಲಿಸಿದವಳು ನಾನು.

ಹಿರಿಯರ ಪ್ರವಚನ ಈಗಲೂ ವಾರಕ್ಕೊಮ್ಮೆ ನಡೆಯುತ್ತಿದೆಯಂತೆ. ಜನ ಕಡಿಮೆಯಾಗಿಲ್ಲ. ವಿಚಾರಣೆಯ ವರದಿ ಬರಲು ಇನ್ನೂ ತಿಂಗಳುಗಳು ಬೇಕು. ಕಂಡಕ್ಟರ್ ಮೊನ್ನೆ ಸಹಿ ಹಾಕಿದಳೆಂದು ಹೊಲಿಗೆಯವಳು ಬಾಗಿಲಲ್ಲಿ ನಿಂತು ಹೇಳಿ ಹೋದಳು. ಒಳಗೆ ಕರೆದೆ, ಬರಲಿಲ್ಲ. ಅವಳು ತಲೆಯನ್ನು ಸ್ವಲ್ಪ ಓರೆ ಮಾಡಿ ಬಲಗಿವಿಯನ್ನು ನನ್ನ ಕಡೆ ತಂದು ಕೇಳಿಸಿಕೊಂಡಳು. ನಾನು ಎರಡೆರಡು ಸಲ ಹೇಳಬೇಕಾಯಿತು.

ದೇವರ ಮೇಲೆ ನನಗೆ ಸಿಟ್ಟಿಲ್ಲ. ಇಷ್ಟು ವರ್ಷ ಅವನ ಪರವಾಗಿ ಉತ್ತರ ಬರೆದೆ, ಒಂದನ್ನೂ ಅವನನ್ನು ಕೇಳಿ ಬರೆಯಲಿಲ್ಲ.

ದೊಡ್ಡಮ್ಮ ಏನಾದರೂ ಅಂದರಾ? ಹೌದು ಅಥವಾ ಇಲ್ಲ, ಅಷ್ಟು ಸಾಕು.

ಅಕ್ಕ


ಆಗಸ್ಟ್ 17

ಪತ್ರ ವಿಭಾಗದ ಹುಡುಗೀಗೆ,

ಇದನ್ನ ನಿನ್ನ ತಮ್ಮನ ಕೈಲಿ ಬರೆಸ್ತಾ ಇದೀನಿ. ನಾನು ಹೇಳಿದ ಹಾಗೇ ಬರೀಬೇಕು, ಒಂದು ಪದ ನಯ ಮಾಡಿದ್ರೂ ಕಿವಿ ಹಿಂಡ್ತೀನಿ ಅಂದಿದೀನಿ. ಬಲಗಿವಿ.

ನಿನ್ನ ಕಾಗದ ಓದೋವಾಗ ಇವನು ಎರಡು ಕಡೆ ನಿಲ್ಲಿಸಿದ. ಮುಂದೆ ಓದು ಅಂದೆ. ಆಮೇಲೆ ಅವನು ಎದ್ದು ಹೊರಗೆ ಹೋದ, ಉಳಿದದ್ದನ್ನ ನಾನೇ ಅಕ್ಷರ ಕೂಡಿಸಿ ಓದ್ಕೊಂಡೆ.

ಆ ಪದಕ್ಕೆ ಎರಡು ಅರ್ಥ ಇದೆ ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟೂ ವರ್ಷ ಒಂದೇ ಅರ್ಥ ಹೊತ್ಕೊಂಡು ತಿರುಗಿದೆ. ಇನ್ನೊಂದು ಅರ್ಥ ನಿನ್ನ ಹತ್ರ ಇತ್ತು, ಡ್ರಾಯರ್‌ನಲ್ಲಿ. ಒಂದು ದಿನ ಬಂದು ಕೊಟ್ಟಿದ್ರೆ ಸಾಕಿತ್ತು. ನನ್ನ ತಂಗಿ ಮೂರು ವರ್ಷದ ಹಿಂದೆ ಹೋದಳು. ಅವಳು ಸಾಯೋವರೆಗೂ ನನ್ನನ್ನ ಸುಳ್ಳುಗಾರ್ತಿ ಅಂತಲೇ ತಿಳ್ಕೊಂಡಿದ್ದಳು. ಅವಳಿಗೆ ಈಗ ಯಾರು ಹೇಳ್ತಾರೆ, ಎರಡು ಅರ್ಥ ಇದೆ ಅಂತ?

ನಿಮ್ಮ ಹಿರಿಯರ ಬಗ್ಗೆ ನಾನು ಯೋಚನೆ ಮಾಡಲ್ಲ. ಹೊಡೆಯೋರು ಹೊಡೀತಾರೆ. ನಿನ್ನ ಬಗ್ಗೆ ಯೋಚನೆ ಮಾಡ್ತೀನಿ. ಕಲೆ ಉಜ್ಜೋವಾಗ ನೀನು ನೋಡ್ತಾ ನಿಂತಿದ್ದು ನಂಗೂ ಗೊತ್ತಿತ್ತು. ಸೋಪು ತಂದುಕೊಡ್ತೀಯೇನೋ ಅಂದ್ಕೊಂಡಿದ್ದೆ.

ನೀನು ನಿಜ ಹೇಳಿದ್ದಕ್ಕೆ ಇಲ್ಲಿ ಎಲ್ಲರೂ ಹೊಗಳ್ತಾರೆ. ನಾನು ಹೊಗಳಲ್ಲ. ಅದು ಅವತ್ತೇ ಮಾಡಬೇಕಾಗಿದ್ದ ಕೆಲಸ.

ಕ್ಷಮಿಸಿ ಅಂತ ಬರೆದಿದೀಯ. ಅದಕ್ಕೆ ಉತ್ತರ ಕೊಡಬೇಕಲ್ಲ. ನನಗೆ ಬರೆಯೋಕೆ ಸರಿಯಾಗಿ ಬರಲ್ಲ, ನಿಮ್ಮ ಕಚೇರಿಯವರು ಹೇಗೆ ಬರೀತಾರೆ ಅಂತ ಇವನನ್ನ ಕೇಳಿದೆ. ಹೇಳಿಕೊಟ್ಟ. ಬರ್ಕೋ ಅಂದೆ.

ತಮ್ಮ ಪತ್ರ ತಲುಪಿದೆ. ಪರಿಶೀಲಿಸಲಾಗುವುದು.

ಅಡುಗೆಯವಳು